ಗರಸು ದಾರಿಯ ಬೈಸಿಕಲ್ಲು

ಡಾಮರು ಹಾಕಿದ ನುಣುಪಾದ ರಸ್ತೆಯು ಪಕ್ಕದಲ್ಲಿಯೇ ಇರುವಾಗ ಅದನ್ನು ಬಿಟ್ಟು, ಬೇಕೆಂದೇ ಗರಸಿನ ದಾರಿಗೆ ಬೈಸಿಕಲ್ಲನ್ನು ಇಳಿಸುವವನ ಬುದ್ಧಿಯ ವಿಷಯದಲ್ಲಿ ಲೋಕಕ್ಕೆ ಸಂದೇಹ ಹುಟ್ಟುವುದು ಸಹಜವೇ ಸರಿ. ಶ್ರೀರಂಗಪಟ್ಟಣದ ಸುತ್ತಣ ಹಳ್ಳಿಗಳಲ್ಲಿ ಈ ಸಂದೇಹಕ್ಕೆ ಪಾತ್ರರಾದವರಲ್ಲಿ ನಾನೂ ಒಬ್ಬನು. "ದಾರಿ ತಪ್ಪಿತೇ ಸ್ವಾಮಿ? ರಸ್ತೆ ಅತ್ತಲಾಗಿದೆ" ಎಂದು ಗದ್ದೆಯಲ್ಲಿ ನಿಂತವರು ಕರುಣೆಯಿಂದ ಕೂಗಿ ಹೇಳುತ್ತಾರೆ. ಇಲ್ಲವೆಂದು ತಲೆಯಾಡಿಸಿದರೆ ಅವರ ಕರುಣೆ ಇನ್ನೂ ಹೆಚ್ಚುತ್ತದೆ. ಅರವತ್ತು ದಾಟಿದ ನಿವೃತ್ತ ಉಪಾಧ್ಯಾಯನೊಬ್ಬನು, ತಲೆಗೆ ಬೋಗುಣಿಯಂಥ ಟೋಪಿಯನ್ನು ಕವುಚಿಕೊಂಡು, ಕನ್ನಡಕವನ್ನು ದಾರದಿಂದ ಬಿಗಿದುಕೊಂಡು, ನಾಲೆಯ ಏರಿಯ ಮೇಲೆ ತನಗೆ ತಾನೇ ಮಾತನಾಡಿಕೊಳ್ಳುತ್ತ ಬರುವ ದೃಶ್ಯವು ಅವರಿಗೆ ಹೇಗೆ ಕಾಣುವುದೆಂಬುದನ್ನು ನಾನು ಬಲ್ಲೆನು. ಆದರೂ ಈ ದಾರಿಗಳ ಪರವಾಗಿ ವಾಚಕರಲ್ಲಿ ನಾಲ್ಕು ಮಾತನ್ನು ಬಿನ್ನವಿಸಿಕೊಳ್ಳಬೇಕೆಂದು ಬಹಳ ದಿನಗಳಿಂದ ಆಸೆಯಿದ್ದಿತು.

ಗರಸೆಂದರೇನೆಂದು ಪಟ್ಟಣವಾಸಿಗಳಾದ ಕೆಲವರಿಗೆ ಹೇಳಬೇಕಾದೀತು. ಕೆಂಪು ಮಣ್ಣಿನೊಡನೆ ಸಣ್ಣ ಸಣ್ಣ ಕಲ್ಲಿನ ಹರಳು ಬೆರೆತು, ಮಳೆ ಬಿದ್ದರೆ ನೀರನ್ನು ಹಿಂಗಿಸಿಕೊಂಡು, ಬಿಸಿಲು ಬಿದ್ದರೆ ಗಟ್ಟಿಯಾಗಿ ಕೂರುವ ನೆಲವದು. ಎರೆಮಣ್ಣಿನ ದಾರಿಯು ಮಳೆಗಾಲದಲ್ಲಿ ಚಕ್ರವನ್ನು ಒಮ್ಮೆ ಹಿಡಿದರೆ ಸಾಲಗಾರನನ್ನು ಹಿಡಿದ ಸಾಹುಕಾರನಂತೆ ಬಿಡುವುದಿಲ್ಲ. ಗರಸಿನ ದಾರಿ ಹಾಗಲ್ಲ. ಎಷ್ಟೇ ಮುನಿದಿದ್ದರೂ ಒಂದು ಹಗಲಿನ ಬಿಸಿಲಿಗೆ ಮತ್ತೆ ಸೌಜನ್ಯಕ್ಕೆ ಬರುತ್ತದೆ. ಗಾಡಿಯ ಚಕ್ರ ಹರಿದ ಎರಡು ಜಾಡು, ನಡುವೆ ಗರಿಕೆಯ ಪಟ್ಟಿ, ಎರಡು ಪಕ್ಕದಲ್ಲಿಯೂ ಹೊಂಗೆಯೋ ಜಾಲಿಯೋ: ಇಷ್ಟೇ ಅದರ ಆಡಂಬರ.

ಪಶ್ಚಿಮ ದೇಶದವರು ಇಂಥ ದಾರಿಯ ಸವಾರಿಗೆ 'ಗ್ರಾವೆಲ್ ಬೈಕಿಂಗ್' ಎಂದು ಹೆಸರಿಟ್ಟು, ಅದನ್ನು ಒಂದು ಪ್ರತ್ಯೇಕ ಕ್ರೀಡೆಯನ್ನಾಗಿಯೇ ಮಾಡಿಕೊಂಡಿದ್ದಾರೆ. ಅಮೆರಿಕದ ಕ್ಯಾನ್ಸಸ್ ಸೀಮೆಯ ಹುಲ್ಲುಗುಡ್ಡಗಳ ನಡುವೆ ಇನ್ನೂರು ಮೈಲಿಯ ಪಂದ್ಯವೊಂದು 2006ರಲ್ಲಿ ಮೊದಲಾಯಿತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದವರು ಈ ಕ್ರೀಡೆಯ ಮೊದಲ ವಿಶ್ವ ಚಾಂಪಿಯನ್‌ಷಿಪ್ಪನ್ನು 2022ರಲ್ಲಿ ಇಟಲಿಯ ವೆನೆಟೊ ಪ್ರಾಂತದಲ್ಲಿ ನಡೆಸಿದರು. ಇದಕ್ಕೆಂದೇ ಬೇರೆ ಬೈಸಿಕಲ್ಲುಂಟು: ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹಿಡಿ, ಅಗಲವಾದ ಟೈರು, ಚಕ್ರದ ನಡುವಣ ತಟ್ಟೆಯನ್ನು ಹಿಡಿದು ನಿಲ್ಲಿಸುವ ಬ್ರೇಕು, ಹತ್ತೋ ಹನ್ನೊಂದೋ ಗಿಯರು. ಬೆಲೆಯನ್ನು ವಿಚಾರಿಸಿದರೆ, ದುಬಾರಿಯದಕ್ಕೆ ಒಂದು ಜೊತೆ ಒಳ್ಳೆಯ ಎತ್ತು ಕೊಟ್ಟರೂ ಸಾಲದು.

ಇದನ್ನೆಲ್ಲ ಮೊದಲ ಬಾರಿ ಓದಿದಾಗ ನನಗೆ ನಗು ಬಂದಿತು. ನಮ್ಮ ತಂದೆಯವರು ಹಳ್ಳಿಯ ಶಾಲೆಗಳಲ್ಲಿ ಮೇಷ್ಟರಾಗಿದ್ದವರು. ಮೂವತ್ತು ವರ್ಷಕಾಲ ಮನೆಯಿಂದ ಶಾಲೆಗೆ, ಶಾಲೆಯಿಂದ ಸಂಬಳದ ದಿನ ತಾಲ್ಲೂಕು ಕಛೇರಿಗೆ, ಅವರು ಹೋಗಿಬಂದದ್ದು ಗರಸಿನ ದಾರಿಯಲ್ಲಿಯೇ, ಬೈಸಿಕಲ್ಲಿನ ಮೇಲೆಯೇ. ಅದಕ್ಕೆ ಅವರು ಯಾವ ಹೆಸರನ್ನೂ ಇಟ್ಟಿರಲಿಲ್ಲ. ಅವರ ಕರಿಯ ರ‍್ಯಾಲಿ ಬೈಸಿಕಲ್ಲಿನ ಟೈರಿನ ಮೇಲೆ 28 × 1½ ಎಂದು ಅಚ್ಚಾಗಿದ್ದಿತು. ಒಂದೂವರೆ ಅಂಗುಲವೆಂದರೆ 38 ಮಿಲಿಮೀಟರು. ಈಗಿನ ಗ್ರಾವೆಲ್ ಬೈಸಿಕಲ್ಲಿನ ಟೈರು ಸಾಮಾನ್ಯವಾಗಿ 38ರಿಂದ 45 ಮಿಲಿಮೀಟರಿನ ಒಳಗಿರುತ್ತದೆ. ನಡುವಣ ಕೆಲವು ದಶಕಗಳಲ್ಲಿ ಜನರು ಪಂದ್ಯಗಾರರನ್ನು ನೋಡಿ, 23 ಮಿಲಿಮೀಟರಿನ ಟೈರಿಗೆ ಚದರ ಅಂಗುಲಕ್ಕೆ ನೂರು ಪೌಂಡಿನಂತೆ ಗಾಳಿ ತುಂಬಿ, ಕಲ್ಲಿನಂತೆ ಮಾಡಿಕೊಂಡು ಓಡಾಡಿದರು. ಈಗ ಸುತ್ತಿ ಬಳಸಿ ಮತ್ತೆ ನಮ್ಮ ತಂದೆಯವರ ಅಳತೆಗೇ ಬಂದು ನಿಂತಿದ್ದಾರೆ.

ಅಗಲ ಟೈರಿನ ಗುಟ್ಟು ಬಹಳ ಸರಳವಾದುದು. ಬಿಗಿಯಾದ ಟೈರು ಒಂದು ಹರಳು ಎದುರಾದರೆ ಸವಾರನನ್ನೂ ಹೊತ್ತುಕೊಂಡು ಅದರ ಮೇಲೆ ಹತ್ತಿ ಇಳಿಯುತ್ತದೆ. ನೂರು ಹರಳಿಗೆ ನೂರು ಸಲ ಮೈಯನ್ನು ಎತ್ತಿ ಇಳಿಸುವ ಶ್ರಮವೆಲ್ಲ ಕಾಲಿನಿಂದಲೇ ಬರಬೇಕು. ನಲವತ್ತು ಪೌಂಡಿನಷ್ಟೇ ಗಾಳಿಯಿರುವ ಅಗಲ ಟೈರು ಹರಳನ್ನು ತನ್ನೊಳಕ್ಕೆ ಅದುಮಿಕೊಂಡು ಮುಂದಕ್ಕೆ ಹೋಗಿಬಿಡುತ್ತದೆ. ಗಾಳಿ ತುಂಬಿದ ಟೈರು ಲೋಕಕ್ಕೆ ಬಂದುದೂ ಇಂಥ ದಾರಿಯ ದೆಸೆಯಿಂದಲೇ. ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬವರು ತಮ್ಮ ಚಿಕ್ಕ ಮಗನ ಮೂರು ಚಕ್ರದ ಗಾಡಿಯು ಒರಟು ನೆಲದ ಮೇಲೆ ಕುಲುಕದಿರಲೆಂದು ರಬ್ಬರಿನ ಕೊಳವೆಗೆ ಗಾಳಿಯೂದಿ ಚಕ್ರಕ್ಕೆ ಸುತ್ತಿದರು. 1888ರಲ್ಲಿ ಅದಕ್ಕೆ ಹಕ್ಕುಪತ್ರವನ್ನೂ ಪಡೆದರು. ಮಗುವಿಗೆ ನೋವಾಗಬಾರದೆಂಬ ಒಬ್ಬ ತಂದೆಯ ಚಿಂತೆಯ ಮೇಲೆ ಇಂದು ಜಗತ್ತಿನ ಗಾಡಿಗಳೆಲ್ಲ ಓಡುತ್ತಿವೆ.

ಆದರೆ ನಾನು ಗರಸಿನ ದಾರಿಗೆ ಬಂದದ್ದು ಟೈರಿನ ಅಳತೆಯನ್ನು ನೋಡಿಕೊಂಡಲ್ಲ. ಪಕ್ಕದ ಬೀದಿಯಲ್ಲಿರುವ ನನ್ನ ಅಕ್ಕನಿಗೆ ಇಬ್ಬರು ಮಕ್ಕಳು. ಒಬ್ಬನು ಗಂಡು, ಅವನಿಗಿಂತ ಎಂಟು ವರ್ಷಕ್ಕೆ ಕಿರಿಯಳಾದ ಹುಡುಗಿಯೊಬ್ಬಳು. ಹುಡುಗನಿಗೆ ಬೈಸಿಕಲ್ಲೆಂದರೆ ಪ್ರಾಣ. 2019ರ ಡಿಸೆಂಬರಿನ ಒಂದು ಮುಂಜಾನೆ, ಮಂಜು ಕವಿದಿದ್ದ ಹೊತ್ತಿನಲ್ಲಿ, ಹೆದ್ದಾರಿಯ ಅಂಚಿನಲ್ಲಿ ಹೋಗುತ್ತಿದ್ದವನಿಗೆ ಹಿಂದಿನಿಂದ ಬಂದ ವಾಹನವೊಂದು ತಗುಲಿತು. ಅವನಿಗೆ ಆಗ ಇಪ್ಪತ್ತೊಂದು ವರ್ಷ. ಇದಕ್ಕಿಂತ ಹೆಚ್ಚಾಗಿ ಆ ವಿಷಯವನ್ನು ಬರೆಯಲಾರೆನು. ಅವನ ಬೈಸಿಕಲ್ಲಿನ ಹಿಂದಿನ ಚಕ್ರವನ್ನುಳಿದು ಬೇರೆ ಯಾವುದಕ್ಕೂ ಏನೂ ಆಗಿರಲಿಲ್ಲ. ಅದನ್ನು ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. ನಮ್ಮ ತಂದೆಯವರ ಬೈಸಿಕಲ್ಲನ್ನು ನಾನೂ ಕೊಟ್ಟಿಗೆಯ ಮೂಲೆಗೆ ಸೇರಿಸಿದೆನು. ಮೂರು ವರ್ಷ ನಮ್ಮ ಎರಡು ಮನೆಗಳಲ್ಲಿಯೂ ಆ ವಸ್ತುವಿನ ಹೆಸರನ್ನೇ ಯಾರೂ ಎತ್ತಲಿಲ್ಲ.

ಎತ್ತಿದವಳು ಹುಡುಗಿ. ಹದಿನಾರು ತುಂಬಿದ ಮೇಲೆ ಒಂದು ದಿನ ಊಟಕ್ಕೆ ಕುಳಿತಿದ್ದಾಗ, ಅಣ್ಣನ ಬೈಸಿಕಲ್ಲನ್ನು ಇಳಿಸಿಕೊಡಿ, ನಾನು ಬಿಡುತ್ತೇನೆ ಎಂದಳು. ಅಕ್ಕ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟು, "ಒಬ್ಬನನ್ನು ಕೊಟ್ಟದ್ದು ಸಾಲದೇ ನಿನಗೆ?" ಎಂದು ಒಳಕ್ಕೆ ಹೋದಳು. ಆ ಮಾತಿನ ಮೇಲೆ ಯಾರಾದರೂ ಏನು ಹೇಳಿಯಾರು? ಹುಡುಗಿ ಮಾತ್ರ ಮಾರನೆಯ ದಿನ ನನ್ನ ಮನೆಗೆ ಬಂದು, "ಮಾವ, ಲಾರಿ ಬಾರದ ದಾರಿ ಎಲ್ಲಿಯೂ ಇಲ್ಲವೇ?" ಎಂದು ಕೇಳಿದಳು.

ಇದ್ದಿತು. ನಮ್ಮ ತಂದೆಯವರು ಹೋಗಿಬರುತ್ತಿದ್ದ ದಾರಿಗಳೇ ಇದ್ದುವು. ಆ ದಾರಿಗಳನ್ನು ಹೆದ್ದಾರಿಯು ತಿಂದುಹಾಕಿರಬೇಕೆಂದು ನಾವೆಲ್ಲ ಭಾವಿಸುತ್ತೇವೆ. ಆದರೆ ದೊಡ್ಡ ರಸ್ತೆ ಬಂದಾಗ ಸಣ್ಣ ದಾರಿಯು ಸಾಯುವುದಿಲ್ಲ. ಅವಸರವಿದ್ದವರೆಲ್ಲ ಅದನ್ನು ಬಿಟ್ಟುಹೋಗುವುದರಿಂದ ಅದು ಮೊದಲಿಗಿಂತ ನಿಶ್ಶಬ್ದವಾಗುತ್ತದೆ, ಅಷ್ಟೆ. ನಾನು ಕೊಟ್ಟಿಗೆಯಿಂದ ಬೈಸಿಕಲ್ಲನ್ನು ಹೊರಕ್ಕೆ ತೆಗೆದು, ಹದಿನೈದು ದಿನ ಒಬ್ಬನೇ ಸುತ್ತಿ, ಕಾವೇರಿಗೂ ಕರಿಘಟ್ಟಕ್ಕೂ ನಡುವೆ ಒಂದು ದಾರಿಯನ್ನು ಗೊತ್ತುಮಾಡಿಕೊಂಡು, ಅಕ್ಕನಿಗೆ ಹೇಳಿದೆನು. ಅವಳು ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. "ನಾನು ಕಣ್ಣಾರೆ ನೋಡಬೇಕು" ಎಂದಳು.

ಭಾನುವಾರ ಬೆಳಗ್ಗೆ ಆಟೋ ಮಾಡಿಕೊಂಡು ಅವಳನ್ನು ನಾಲೆಯ ಏರಿಗೆ ಕರೆದುಕೊಂಡುಹೋದೆನು. ಹೊಂಗೆಯ ಮರದ ಕೆಳಗೆ ಚಾಪೆ ಹಾಸಿ ಕುಳಿತಳು. ಕೈಯಲ್ಲಿ ಹಳೆಯದೊಂದು ಲಗ್ನಪತ್ರಿಕೆ, ಪೆನ್ಸಿಲು. ಏಳು ಗಂಟೆಯಿಂದ ಒಂಬತ್ತರವರೆಗೆ ಆ ದಾರಿಯಲ್ಲಿ ಹೋದುದನ್ನೆಲ್ಲ ಪತ್ರಿಕೆಯ ಬೆನ್ನ ಮೇಲೆ ಗುರುತು ಹಾಕುತ್ತ ಹೋದಳು. ನಾನು ಮಾತನಾಡಿಸಲು ಹೋದರೆ ಸುಮ್ಮನಿರೆಂದು ಕೈ ತೋರಿದಳು. ಎರಡು ಗಂಟೆಯಲ್ಲಿ ಎತ್ತಿನ ಗಾಡಿ 2, ಮೊಪೆಡ್ಡು 3, ಹಾಲಿನ ಕ್ಯಾನು ಕಟ್ಟಿಕೊಂಡ ಬೈಸಿಕಲ್ಲು 1, ಟ್ರಾಕ್ಟರು 1, ಕುರಿಮಂದೆ 1. ಲಾರಿ ಇಲ್ಲ, ಕಾರಿಲ್ಲ. ಒಂಬತ್ತಾದ ಮೇಲೆ ಎದ್ದು ಸೆರಗು ಕೊಡವಿಕೊಂಡು, "ಟ್ರಾಕ್ಟರು ಬಂದರೆ ಇಳಿದು ನಿಲ್ಲಬೇಕು ಎಂದು ಹೇಳು ಅವಳಿಗೆ" ಎಂದಳು. ಅನುಮತಿಯೆಂದರೆ ಅದೇ.

ಈಗ ಆ ದಾರಿಯ ವಿಷಯಕ್ಕೆ ಬರುತ್ತೇನೆ. ನಾಲೆಯ ಏರಿಯಂತೆ ಬೈಸಿಕಲ್ಲಿಗೆ ಒದಗಿಬರುವ ದಾರಿ ಬೇರೊಂದಿಲ್ಲ. ಕಾರಣವಿಷ್ಟೆ: ನೀರಿಗೆ ಏರನ್ನು ಹತ್ತಲು ಬಾರದು. ನಾಲೆಯನ್ನು ತೋಡಿದವರು ಗುಡ್ಡ ಬಂದರೆ ಅದರ ಸೊಂಟವನ್ನು ಬಳಸಿ, ಹಳ್ಳ ಬಂದರೆ ಮೇಲುಗಾಲುವೆ ಕಟ್ಟಿ, ನೀರು ನಿಧಾನವಾಗಿ ಇಳಿಯುವಂತೆಯೇ ಮೈಲಿಗಟ್ಟಲೆ ಅದನ್ನು ಸಾಗಿಸಿದ್ದಾರೆ. ಅದರ ಪಕ್ಕದಲ್ಲಿ ಹೋಗುವ ಮುದುಕನಿಗೂ ಆ ಉಪಕಾರವು ಪುಕ್ಕಟೆಯಾಗಿ ಸಲ್ಲುತ್ತದೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ ಈ ಸೀಮೆಯಲ್ಲಿ ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿದೆ. ಅರಸರು ತಮ್ಮ ರೈತರಿಗಾಗಿ ತೋಡಿಸಿದ ನಾಲೆಯ ದಂಡೆಯು ಮೂರು ಶತಮಾನದ ಮೇಲೆ ಒಬ್ಬ ಪಿಂಚಣಿದಾರನ ಮೊಣಕಾಲಿಗೂ ಅನುಕೂಲವಾದೀತೆಂದು ಯಾರು ತಾನೇ ಎಣಿಸಿದ್ದರು!

ಬೆಳಗಿನ ಆರು ಗಂಟೆಗೆ ಹೊರಟರೆ ಹೊಳೆಯ ಮೇಲಣ ಮಂಜು ಇನ್ನೂ ಎದ್ದಿರುವುದಿಲ್ಲ. ಪಟ್ಟಣದ ಮಗ್ಗುಲಿಗೆ ರಂಗನಾಥನ ಗೋಪುರದ ತುದಿಯಷ್ಟೇ ಕಾಣುತ್ತದೆ. ರಂಗನತಿಟ್ಟಿನ ಕಡೆಯಿಂದ ಕೊಕ್ಕರೆಗಳು ಸಾಲಾಗಿ ಮೇವಿಗೆ ಹೊರಡುವ ಹೊತ್ತದು. ಕತ್ತನ್ನು ಮುಂದಕ್ಕೆ ಚಾಚಿ ತಲೆಯ ಮೇಲೆಯೇ ಹಾಯ್ದುಹೋಗುವಾಗ ಅವುಗಳ ರೆಕ್ಕೆಯ ಸಪ್ಪುಳ ಕೇಳಿಸುತ್ತದೆ. ಮೋಟಾರಿನಲ್ಲಿ ಹೋಗುವವನು ಕೊಕ್ಕರೆಯನ್ನು ಕಂಡಾನು, ಅದರ ರೆಕ್ಕೆಯನ್ನು ಕೇಳಲಾರನು. ಎಡಕ್ಕೆ ಕಬ್ಬು, ಬಲಕ್ಕೆ ನೀರು ನಿಂತ ಗದ್ದೆ. ನಡುನಡುವೆ ತೂಬಿನ ಬಳಿ ಬಟ್ಟೆ ಒಗೆಯುವ ಹೆಂಗಸರು. ಆಲೆಮನೆಯೊಂದು ಎದುರಾಗುವುದಕ್ಕೆ ಅರ್ಧ ಮೈಲಿ ಮೊದಲೇ ಕುದಿಯುವ ಕಬ್ಬಿನ ಹಾಲಿನ ವಾಸನೆ ಬಂದು ಹಿಡಿದುಕೊಳ್ಳುತ್ತದೆ. ಅಲ್ಲಿ ಇಳಿಯದೆ ಮುಂದೆ ಹೋದವನು ನನಗಿನ್ನೂ ಕಾಣಸಿಕ್ಕಿಲ್ಲ. ಕೊಪ್ಪರಿಗೆಯ ಮುಂದೆ ನಿಂತವನು ಮುತ್ತುಗದ ಎಲೆಯ ಮೇಲೆ ಬಿಸಿ ಬೆಲ್ಲವನ್ನು ಹಾಕಿಕೊಟ್ಟರೆ, ದೊಡ್ಡ ಊರುಗಳಲ್ಲಿ ಸೈಕಲು ಸವಾರರು ದುಡ್ಡು ಕೊಟ್ಟು ಕೊಳ್ಳುವ ಶಕ್ತಿಯ ಮಿಠಾಯಿಗಳು ನಾಚಿಕೊಳ್ಳಬೇಕು.

ಮುಂದೆ ಕರಿಘಟ್ಟ. ಅದರ ಬುಡದಲ್ಲಿ ಲೋಕಪಾವನಿಯು ಬಂದು ಕಾವೇರಿಯನ್ನು ಕೂಡುತ್ತದೆ. ಕಾವೇರಿಯ ಮುಂದೆ ಅದು ಬಡವರ ಮನೆಯ ಹೆಣ್ಣುಮಗಳಂತೆ, ಬಂದದ್ದೇ ತಿಳಿಯದ ಹಾಗೆ ಒಳಸೇರಿಬಿಡುತ್ತದೆ. ಬೈಸಿಕಲ್ಲನ್ನು ಮರಕ್ಕೆ ಒರಗಿಸಿ ಬೆಟ್ಟದ ಮೇಲಿನ ಶ್ರೀನಿವಾಸನ ಗುಡಿಯವರೆಗೆ ಹತ್ತಿ ನೋಡಿದರೆ, ಹೊಳೆ, ದ್ವೀಪ, ಗದ್ದೆ, ತೆಂಗಿನ ತೋಟಗಳೆಲ್ಲ ಒಂದೇ ನೋಟಕ್ಕೆ ಸಿಕ್ಕುತ್ತವೆ. ನಾವು ಬಂದ ದಾರಿಯು ಆ ಹಸುರಿನ ನಡುವೆ ಕೆಂಪು ನೂಲಿನ ಎಳೆಯಂತೆ ಕಾಣುತ್ತದೆ. ಹುಡುಗಿ ಮೊದಲ ಸಲ ಅದನ್ನು ಬೆರಳಿನಿಂದ ಗುರುತಿಸುತ್ತ ಹೋಗಿ, ಎಳೆಯು ಹೆದ್ದಾರಿಯನ್ನು ಸೇರುವೆಡೆಯಲ್ಲಿ ಬೆರಳನ್ನು ನಿಲ್ಲಿಸಿದಳು. ನಾವಿಬ್ಬರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಗರಸಿನ ಮೇಲೆ ಬೈಸಿಕಲ್ಲು ಬಿಡಲು ಪ್ರತ್ಯೇಕ ವಿದ್ಯೆಯೇನೂ ಬೇಕಾಗಿಲ್ಲ. ಆದರೆ ಕೆಲವು ಮಾತು ತಿಳಿದಿದ್ದರೆ ಮೊಣಕೈ ಉಳಿಯುತ್ತದೆ. ಹಿಡಿಯನ್ನು ಹಾವಿನ ಕತ್ತು ಹಿಡಿದಂತೆ ಬಿಗಿಹಿಡಿಯಬಾರದು. ಮುಂಚಕ್ರ ಅತ್ತಿತ್ತ ಸ್ವಲ್ಪ ಆಡುವುದಕ್ಕೆ ಬಿಟ್ಟರೆ ಅದೇ ತನ್ನ ದಾರಿಯನ್ನು ಹುಡುಕಿಕೊಳ್ಳುತ್ತದೆ. ಮರಳು ಸಿಕ್ಕಿದರೆ ಮುಂದಿನ ಬ್ರೇಕನ್ನು ಮುಟ್ಟಬಾರದು, ತುಳಿಯುವುದನ್ನು ನಿಲ್ಲಿಸಲೂಬಾರದು. ಕಲ್ಲಿನ ಮೇಲೆ ಹೋಗುವಾಗ ಆಸನದಿಂದ ಸ್ವಲ್ಪ ಎದ್ದು ಮೊಣಕಾಲನ್ನು ಸಡಿಲಬಿಟ್ಟರೆ ಬೆನ್ನು ಉಳಿಯುತ್ತದೆ. ಮುಖ್ಯವಾಗಿ, ಕಣ್ಣು ಗುಂಡಿಯ ಮೇಲಿರಬಾರದು, ಗುಂಡಿಯ ಪಕ್ಕದ ದಾರಿಯ ಮೇಲಿರಬೇಕು. ನೋಡಿದ ಕಡೆಗೇ ಚಕ್ರ ಹೋಗುತ್ತದೆ. ಈ ಕಡೆಯ ಮಾತನ್ನು ಹುಡುಗಿಗೆ ಹೇಳಿಕೊಟ್ಟವನು ಅವಳ ಅಣ್ಣನಂತೆ. ಅವನು ನನಗೂ ಹೇಳಿದ್ದನು.

ಇನ್ನು ಜಾಲಿಯ ಮುಳ್ಳು. ಅದರ ವಿಷಯದಲ್ಲಿ ನಾನು ತಾಳ್ಮೆಯಿಂದ ಬರೆಯಲಾರೆನು. ಬೇಲಿ ಸವರಿದ ದಿನ ದಾರಿಯ ಉದ್ದಕ್ಕೂ ಅದನ್ನು ಚೆಲ್ಲಿರುತ್ತಾರೆ. ಈಚಿನ ಬೈಸಿಕಲ್ಲುಗಳಲ್ಲಿ ಒಳಗೊಳವೆಯಿಲ್ಲದ ಟೈರಿನೊಳಗೆ ಹಾಲಿನಂಥ ದ್ರವವೊಂದನ್ನು ಹಾಕಿಟ್ಟಿರುತ್ತಾರೆ. ಮುಳ್ಳು ಚುಚ್ಚಿದಲ್ಲಿ ಅದು ಹೆಪ್ಪುಗಟ್ಟಿ ತೂತನ್ನು ಮುಚ್ಚುತ್ತದೆ. ಬೈಸಿಕಲ್ಲಿಗೆ ಆದ ಹೊಸ ಸುಧಾರಣೆಗಳಲ್ಲಿ ನಾನು ಕೈಮುಗಿಯುವುದು ಇದೊಂದಕ್ಕೆ. ನಮ್ಮ ತಂದೆಯವರ ಬೈಸಿಕಲ್ಲಿಗೆ ಅದು ಒಗ್ಗದು. ಆದುದರಿಂದ ನಾನು ಈಗಲೂ ತೇಪೆಯ ಡಬ್ಬಿಯನ್ನೂ ಗಾಳಿಯ ಪಂಪನ್ನೂ ಹೊತ್ತುಕೊಂಡೇ ಹೋಗುತ್ತೇನೆ.

ದಾರಿಯ ಗುಣವು ಕಾಲಕಾಲಕ್ಕೆ ಬೇರೆಯಾಗುತ್ತದೆ. ಕನ್ನಂಬಾಡಿ ಕಟ್ಟೆಯಿಂದ ನಾಲೆಗೆ ನೀರು ಬಿಟ್ಟ ಮೇಲೆ, ಆಗಸ್ಟಿನ ಹೊತ್ತಿಗೆ, ನಾಟಿ ಹಾಕುವವರ ಹಾಡೂ ಕಪ್ಪೆಗಳ ಸದ್ದೂ ದಾರಿಯುದ್ದಕ್ಕೂ ಜೊತೆಗಿರುತ್ತವೆ. 2023ರಲ್ಲಿ ಹಾಗಾಗಲಿಲ್ಲ. ಮಳೆ ಕೈಕೊಟ್ಟು, ಕಟ್ಟೆ ತುಂಬದೆ, ನೀರಿನ ಜಗಳವು ಮಂಡ್ಯದ ಬೀದಿಗೆ ಬಂದ ವರ್ಷವದು. ನಾಟಿಯಾಗದೆ ಬಿಟ್ಟ ಗದ್ದೆಗಳ ನಡುವೆ ನಾವಿಬ್ಬರೂ ಹೋಗುವಾಗ, ವಿನೋದಕ್ಕಾಗಿ ಬಂದವರೆಂಬ ಸಂಕೋಚವು ಉಂಟಾಗುತ್ತಿದ್ದಿತು. ಏರಿಯ ಮೇಲೆ ಕೆಲಸವಿಲ್ಲದೆ ಕುಳಿತಿದ್ದ ರೈತರೊಬ್ಬರು ನಮ್ಮನ್ನು ನಿಲ್ಲಿಸಿ, ಬೈಸಿಕಲ್ಲನ್ನು ಸುತ್ತಿ ನೋಡಿ, ಹಲ್ಲುಚಕ್ರವನ್ನು ಮುಟ್ಟಿ, ಅರ್ಧ ಗಂಟೆ ಮಾತನಾಡಿದರು. ನೀರಿನ ಮಾತನ್ನು ಮಾತ್ರ ಎತ್ತಲಿಲ್ಲ.

ಅದೇ ವರ್ಷ ಇನ್ನೊಂದು ಸಂಗತಿ ನಡೆಯಿತು. ಬೆಂಗಳೂರಿಗೂ ಮೈಸೂರಿಗೂ ನಡುವಣ ಹೊಸ ಹೆದ್ದಾರಿಯು ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಮೋಟಾರ್ ಸೈಕಲ್ಲು, ಆಟೋ, ಟ್ರಾಕ್ಟರುಗಳಿಗೂ, ಮೋಟಾರಿಲ್ಲದ ಗಾಡಿಗಳಿಗೂ ಪ್ರವೇಶವಿಲ್ಲವೆಂದು ನಿಷೇಧವಾಯಿತು. ಈ ನಿಷೇಧವನ್ನು ನಾನು ದೂರುವುದಿಲ್ಲ. ಅಷ್ಟು ವೇಗದ ವಾಹನಗಳ ನಡುವೆ ಬೈಸಿಕಲ್ಲಿಗೆ ಕೆಲಸವೇನು? 2019ಕ್ಕೆ ಮೊದಲೇ ಆಗಿದ್ದರೆ ಎಂದು ಅಕ್ಕ ಒಮ್ಮೆ ಅಂದಳು, ಮತ್ತೆ ಅನ್ನಲಿಲ್ಲ. ಆದರೆ ವೇಗದವರಿಗೆ ಪ್ರತ್ಯೇಕ ದಾರಿಯನ್ನು ಮಾಡಿಕೊಟ್ಟ ಮೇಲೆ ನಿಧಾನದವರಿಗೆ ಇರುವ ದಾರಿಯನ್ನಾದರೂ ಉಳಿಸಿಕೊಡಬೇಕಷ್ಟೆ. ಹಾಲಿನವನು, ಶಾಲೆಯ ಹುಡುಗ, ಎತ್ತಿನ ಗಾಡಿ, ಕುರಿಮಂದೆ, ಇವರೆಲ್ಲ ಎಲ್ಲಿ ನಡೆಯಬೇಕು?

ಇಷ್ಟು ಹೇಳಿದೆನೆಂದು, ಹಳ್ಳಿಯವರ ದಾರಿಗೆ ಡಾಮರು ಬೇಡವೆನ್ನುವವರ ಗುಂಪಿಗೆ ನನ್ನನ್ನು ಸೇರಿಸಬಾರದೆಂದು ವಾಚಕರಲ್ಲಿ ಪ್ರಾರ್ಥನೆ. ಪಟ್ಟಣದಿಂದ ಬಂದ ತರುಣರು ಕೆಲವರು, ಈ ಕೆಂಪು ದಾರಿ ಎಷ್ಟು ಸುಂದರ, ಇದು ಹೀಗೆಯೇ ಇರಬೇಕು ಎಂದು ಚಿತ್ರ ತೆಗೆದುಕೊಂಡು ಹೋಗುವುದನ್ನು ನೋಡಿದ್ದೇನೆ. ಅಂಥವರಿಗೆ ನಮ್ಮ ದಾರಿಯ ಕೊನೆಯ ಹಳ್ಳಿಯ ಮುದುಕಿಯೊಬ್ಬಳು ಕೊಟ್ಟ ಉತ್ತರ ನನ್ನ ಕಿವಿಯಲ್ಲಿಯೇ ಇದೆ: "ನಿಮಗೇನಪ್ಪ, ಭಾನುವಾರ ಬತ್ತೀರಿ, ಹೋಯ್ತೀರಿ. ನನ್ನ ಸೊಸೆ ಹೆರಿಗೆ ನೋವಲ್ಲಿ ಟ್ರಾಕ್ಟರ್ ಮ್ಯಾಲೆ ಕುಂತ್ಕಂಡು ಇದೇ ದಾರೀಲಿ ಹೋದ್ಲು." ಗರಸಿನ ಹರಳು ಸವಾರನ ಟೈರಿಗೆ ಸೊಗಸು; ನೋವು ತಿನ್ನುವವಳಿಗೆ ಒಂದೊಂದೂ ಒಂದು ಏಟು. ಅವಳ ಊರಿಗೆ 2024ರಲ್ಲಿ ಡಾಮರು ಬಂದಿತು. ಬಂದದ್ದು ಒಳ್ಳೆಯದಾಯಿತು.

ಡಾಮರಿನಿಂದ ಊರಿನವರು ಮಾಡಿಕೊಂಡ ಮೊದಲ ಉಪಯೋಗ ಮಾತ್ರ ನಗು ತರುವಂಥದು. ಸುಗ್ಗಿಯಲ್ಲಿ ಹುರುಳಿಯ ಬಳ್ಳಿಯನ್ನು ಅದರ ಮೇಲೆ ಹರಡಿ, ಹೋಗಿಬರುವ ಗಾಡಿಗಳಿಂದಲೇ ಒಕ್ಕಣೆ ಮಾಡಿಸಿಕೊಂಡರು. ಕಣ ಸಾರಿಸುವ ಶ್ರಮವೂ ಉಳಿಯಿತು, ಎತ್ತಿನ ಕೆಲಸವೂ ಉಳಿಯಿತು. ಬೈಸಿಕಲ್ಲಿನ ಸವಾರನಿಗೆ ಮಾತ್ರ ಆ ಬಳ್ಳಿಗಿಂತ ಯಾವ ಗರಸಾದರೂ ವಾಸಿ. ಸರಪಣಿಗೆ ಸುತ್ತಿಕೊಂಡರೆ ಬಿಡಿಸಲು ಕತ್ತರಿ ಬೇಕು.

ನನ್ನ ಬಿನ್ನಹವಿಷ್ಟೆ. ಊರಿಂದೂರಿಗೆ ಹೋಗುವ ರಸ್ತೆಗೆ ಡಾಮರು ಹಾಕಲಿ, ಚೆನ್ನಾಗಿಯೇ ಹಾಕಲಿ. ಯಾರ ಮನೆಯ ಬಾಗಿಲಿಗೂ ಹೋಗದ ನಾಲೆಯ ದಂಡೆಯನ್ನೂ, ಗದ್ದೆಗಳ ನಡುವಣ ಗಾಡಿಯ ಜಾಡನ್ನೂ ಗರಸಾಗಿಯೇ ಬಿಡಲಿ. ಗುಂಡಿ ಬಿದ್ದಲ್ಲಿ ವರ್ಷಕ್ಕೊಮ್ಮೆ ನಾಲ್ಕು ಬುಟ್ಟಿ ಮಣ್ಣು ಸುರಿದರೆ ಸಾಕು. ಇದು ಹುಚ್ಚು ಮಾತಲ್ಲ. ಇಟಲಿಯ ಟಸ್ಕನಿ ಪ್ರಾಂತದಲ್ಲಿ ಬಿಳಿಯ ಗರಸಿನ ಹಳ್ಳಿದಾರಿಗಳೆಲ್ಲ ಡಾಮರಿನ ಕೆಳಗೆ ಮುಚ್ಚಿಹೋದಾವೆಂದು ಚಿಂತಿಸಿದವರು 1997ರಲ್ಲಿ 'ಲೆರೋಯಿಕಾ' ಎಂಬ ಸವಾರಿಯನ್ನು ಪ್ರಾರಂಭಿಸಿದರು. ಹಳೆಯ ಕಾಲದ ಬೈಸಿಕಲ್ಲು, ಹಳೆಯ ಕಾಲದ ಉಡುಪು ಎಂಬುದು ಅದರ ನಿಯಮ. ಜನರು ನೋಡಲು ಬಂದರು, ಬಿಡಲು ಬಂದರು. ಆ ದಾರಿಗಳಿಗೆ ಒಂದು ಬೆಲೆ ಬಂದಿತು. 2007ರಿಂದ ಅದೇ ದಾರಿಗಳಲ್ಲಿ ವೃತ್ತಿಪರರ ದೊಡ್ಡ ಪಂದ್ಯವೂ ನಡೆಯುತ್ತಿದೆ. ನಮ್ಮ ತಂದೆಯವರ ಬೈಸಿಕಲ್ಲೂ ಪಂಚೆಯೂ ಅಲ್ಲಿ ಬಹುಮಾನಕ್ಕೆ ಅರ್ಹವೆಂದು ಹುಡುಗಿಯ ಅಭಿಪ್ರಾಯ.

ನಾಲೆಯ ಏರಿಯನ್ನು ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ವಾಚಕರಿಗೆ ಅನ್ಯಾಯವಾದೀತು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ಮೂವತ್ತು ಮಂದಿ ಪ್ರಾಣಬಿಟ್ಟರು. ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ದೊಡ್ಡ ನಾಲೆಯಲ್ಲಿ ನೀರು ಮೇಲೆ ಕಾಣುವಷ್ಟು ಸಾಧುವಲ್ಲ. ಇಳಿಜಾರಾದ ಗಾರೆಯ ದಂಡೆಗೆ ಪಾಚಿ ಹಿಡಿದಿರುತ್ತದೆ. ಬಿದ್ದವನಿಗೆ ಈಜು ಬಂದರೂ ಹತ್ತಿಬರಲು ಹಿಡಿತ ಸಿಕ್ಕುವುದಿಲ್ಲ. ಆದುದರಿಂದ ನಾವು ಸಣ್ಣ ನಾಲೆಗಳ ದಂಡೆಯನ್ನೇ ಹಿಡಿಯುತ್ತೇವೆ. ದೊಡ್ಡ ನಾಲೆಯನ್ನು ದಾಟಬೇಕಾದಲ್ಲಿ, ತಡೆಗೋಡೆಯಿಲ್ಲದ ಕಡೆ ಇಳಿದು, ಬೈಸಿಕಲ್ಲನ್ನು ನೀರಿನ ಮಗ್ಗುಲಿಗೆ ಇಟ್ಟುಕೊಂಡು ನಡೆಯುತ್ತೇವೆ. ಮಳೆ ಬಿದ್ದ ದಿನವೂ ಸಂಜೆ ಕತ್ತಲಾದ ಮೇಲೂ ಹೋಗುವುದಿಲ್ಲ. ಈ ನಿಯಮಗಳನ್ನು ಬರೆದವಳು ಅಕ್ಕ. ಆ ಕಾಗದವು ನನ್ನ ಬೈಸಿಕಲ್ಲಿನ ಚೀಲದಲ್ಲಿ ತೇಪೆಯ ಡಬ್ಬಿಯ ಜೊತೆಯಲ್ಲಿದೆ.

ಮುದುಕಿಯ ಊರಿಗೆ ಡಾಮರಾದ ಮೇಲೆ ಅಕ್ಕ ಮತ್ತೆ ಚಾಪೆ ತೆಗೆದುಕೊಂಡು ಹೊರಟಳು. ಅದೇ ಹೊಂಗೆಯ ಮರ, ಅದೇ ಎರಡು ಗಂಟೆ. ಈ ಸಲ ಕಾರು 9, ಕಬ್ಬಿನ ಲಾರಿ 4, ಮೊಪೆಡ್ಡು ಮೋಟಾರ್ ಸೈಕಲ್ಲುಗಳು ಎಣಿಸಿ ಬೇಸರವಾಗುವಷ್ಟು. ಹೊಸ ರಸ್ತೆಯು ಒಂದು ಸುತ್ತನ್ನು ಉಳಿಸುತ್ತದೆಂದು ದೂರದವರಿಗೂ ತಿಳಿದಿದ್ದಿತು. ಅಕ್ಕ ಪಟ್ಟಿಯನ್ನು ಹುಡುಗಿಯ ಕೈಗೆ ಕೊಟ್ಟಳು. ಹುಡುಗಿ ಓದಿದಳು; ವಾದಿಸಲಿಲ್ಲ. ಎರಡು ವಾರ ನಾವು ಎಲ್ಲಿಗೂ ಹೋಗಲಿಲ್ಲ.

ಮೂರನೆಯ ವಾರ ಲೋಕಪಾವನಿಯ ಮೇಲುಮಗ್ಗುಲಿನಲ್ಲಿ, ಹೊಲಗಳ ನಡುವೆ, ಹಳೆಯ ಗಾಡಿಯ ಜಾಡೊಂದು ಸಿಕ್ಕಿತು. ಏರು ಹೆಚ್ಚು, ಕಲ್ಲು ಹೆಚ್ಚು, ನೆರಳು ಕಡಿಮೆ. ನನ್ನ ಮೊಣಕಾಲಿಗೆ ಅದರ ಮೇಲೆ ಪ್ರೀತಿಯಿಲ್ಲ. ಹುಡುಗಿಗೆ ಈಗ ತನ್ನ ಅಣ್ಣನ ಬೈಸಿಕಲ್ಲು ಸರಿಯಾಗಿ ಒಗ್ಗಿದೆ. ಹಿಂದಿನ ಚಕ್ರವನ್ನು ಬದಲಾಯಿಸಿ, ಚೌಕಟ್ಟಿನ ಎಡೆಯಲ್ಲಿ ಹಿಡಿಸುವಷ್ಟು ಅಗಲವಾದ ಟೈರನ್ನು ಹಾಕಿಸಿಕೊಂಡಿದ್ದಾಳೆ. ಈ ಜಾಡನ್ನು ಹಿಡಿದು ಪಾಂಡವಪುರ, ಅಲ್ಲಿಂದ ತೊಣ್ಣೂರಿನ ಕೆರೆ, ಸಾಧ್ಯವಾದರೆ ಒಂದು ದಿನ ಮೇಲುಕೋಟೆ ಎಂದು ಅವಳ ಲೆಕ್ಕ. ಮೇಲುಕೋಟೆಯ ಏರನ್ನು ನಾನು ಬಸ್ಸಿನಲ್ಲಿ ಹತ್ತುವೆನೆಂದು ಈಗಲೇ ಹೇಳಿಟ್ಟಿದ್ದೇನೆ.

ಅಕ್ಕ ಹೋದ ಭಾನುವಾರ ಹೊಸ ಜಾಡನ್ನು ನೋಡಲು ಬಂದಿದ್ದಳು. ಮರವಿಲ್ಲದ ಕಡೆ ಕೊಡೆ ಬಿಚ್ಚಿಕೊಂಡು ಬದುವಿನ ಮೇಲೆ ಕುಳಿತು ಎರಡು ಗಂಟೆ ಎಣಿಸಿದಳು. ಎತ್ತಿನ ಗಾಡಿ 1, ಸೌದೆ ಹೊತ್ತ ಹೆಂಗಸರು 3, ಹಾದಿ ಕೇಳಿದ ಕುರುಬರ ಹುಡುಗ 1. ನವಿಲು ಬಹಳ ಇದ್ದುವಂತೆ, ಅವನ್ನು ಎಣಿಸಲಿಲ್ಲವಂತೆ.